ಸೊಟ್ಟಕೊಂಬಿಯ ಮೇಲಿನ ದೂರು, ಸೊಟ್ಟಕೊಂಬಿಗೇ

ಮಾನ್ಯರೇ,

ಹಳ್ಳಿಮೈಸೂರಿಗೆ ಮೂರು ಕಿಲೋಮೀಟರು ದೂರದ ನಮ್ಮೂರಿನ ಕೊಟ್ಟಿಗೆಯಲ್ಲಿ ತಾವು ಕರುಸಮೇತ ಕ್ಷೇಮವಾಗಿದ್ದೀರೆಂದೂ, ಹಸಿಹುಲ್ಲು, ಹಿಂಡಿ, ಕೆರೆಯ ಕೆಸರು ಈ ಮೂರೂ ತಮಗೆ ಹೊತ್ತುಹೊತ್ತಿಗೆ ಒದಗುತ್ತಿವೆಯೆಂದೂ ನಂಬಿ, ಹಾಸನದ ಬಾಡಿಗೆ ಮನೆಯೊಂದರ ಎರಡನೇ ಮಹಡಿಯಿಂದ ಕೀರ್ತಿರಾಜ್ ಎಂಬ ಹೆಸರಿನ ನಾನು, ಸರ್ಕಾರಿ ಕಚೇರಿಯೊಂದರ ಪ್ರಥಮ ದರ್ಜೆ ಸಹಾಯಕ, ಮಾಡುವ ಸವಿನಯ ನಮಸ್ಕಾರಗಳು. ಎಮ್ಮೆಗೆ ಬಹಿರಂಗ ಪತ್ರ ಬರೆಯುವುದು ನನ್ನ ಸೇವಾವಧಿಯಲ್ಲಿ ಇದೇ ಮೊದಲಾದ್ದರಿಂದ ಸಂಬೋಧನೆಯಲ್ಲಿ ಲೋಪವಿದ್ದರೆ ಮನ್ನಿಸಬೇಕು. ತಮ್ಮ ಎಡಗೊಂಬು ಕಿವಿಯ ಕಡೆಗೆ ಬಾಗಿ ಬೆಳೆದದ್ದರಿಂದ ಊರೆಲ್ಲ ತಮ್ಮನ್ನು ಸೊಟ್ಟಕೊಂಬಿ ಎಂದು ಕರೆಯುತ್ತದೆ. ಆ ಹೆಸರು ನಾನಿಟ್ಟದ್ದಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ.

ವಿಷಯ: ನನ್ನ ಎಂಟು ವರ್ಷದ ಮಗಳು ಯಶೋಧರಾಳನ್ನು ತಾವು ಬೇಸಿಗೆ ರಜೆಯಲ್ಲಿ ಸಂಪೂರ್ಣವಾಗಿ ಹಾಳು ಮಾಡಿರುವ ಬಗ್ಗೆ.

ನಾನೂ ನನ್ನ ಹೆಂಡತಿ ಶೋಭಿತಾಳೂ ದಿನವಿಡೀ ಕೆಲಸಕ್ಕೆ ಹೋಗುವವರು. ಅವಳು ಆಸ್ಪತ್ರೆಯಲ್ಲಿ ನರ್ಸು. ಹಾಗಾಗಿ ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದ ಕೂಡಲೇ ಮಗಳನ್ನು ‘ಪ್ರಕೃತಿಯ ಮಡಿಲು’ ಎಂಬ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೆವು. ಆ ಮಡಿಲು ಅಂಗಡಿಗಳ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಗೋಡೆಗೆ ಜಲಪಾತದ ಚಿತ್ರ ಅಂಟಿಸಿ, ಸ್ಪೀಕರಿನಲ್ಲಿ ಕೋಗಿಲೆ ಕೂಗಿಸಿ, ಮಕ್ಕಳ ಕೈಯಲ್ಲಿ ಕಾಗದದ ಎಲೆಗಳಿಗೆ ಹಸಿರು ಬಣ್ಣ ಹಚ್ಚಿಸುತ್ತಿದ್ದರು. ಕಿಟಕಿಯಾಚೆ ನಿಜವಾದ ಹೊಂಗೆ ಮರವೊಂದಿತ್ತು, ಆದರೆ ಬಿಸಿಲು ಬೀಳುತ್ತದೆಂದು ಪರದೆ ಎಳೆದಿದ್ದರು. ನಾಲ್ಕನೇ ದಿನ ಏಸಿ ಕೆಟ್ಟಿತು. ಸೆಕೆ ತಾಳಲಾರದೆ ಪ್ರಕೃತಿಯು ಬಾಗಿಲು ಹಾಕಿಕೊಂಡು ಮನೆಗೆ ಹೋಯಿತು. ಬೇರೆ ದಾರಿಯಿಲ್ಲದೆ ಮಗಳನ್ನು ನನ್ನ ತಾಯಿ ಮುದ್ದಮ್ಮನವರ ಬಳಿ, ಅಂದರೆ ತಮ್ಮ ನೆರೆಯಲ್ಲಿ, ಬಿಟ್ಟುಬರಬೇಕಾಯಿತು.

ಬಂದಾಗ ಆ ಮಗು ಎಷ್ಟು ಅಚ್ಚುಕಟ್ಟಾಗಿತ್ತೆಂಬುದನ್ನು ತಾವೇ ಕಂಡಿದ್ದೀರಿ. ಸಾಕ್ಸು ಹಾಕದೆ ಅಂಗಳಕ್ಕಿಳಿಯುತ್ತಿರಲಿಲ್ಲ. ಇರುವೆ ಕಂಡರೆ ಮಂಚ ಹತ್ತುತ್ತಿದ್ದಳು. ಕೈಯಲ್ಲಿ ಟ್ಯಾಬು, ಚೀಲದಲ್ಲಿ ನಾನು ಬರೆದುಕೊಟ್ಟ ವೇಳಾಪಟ್ಟಿ: ಬೆಳಿಗ್ಗೆ ಆನ್‌ಲೈನ್ ಅಬಾಕಸ್, ಮಧ್ಯಾಹ್ನ ಕೈಬರಹ, ಸಂಜೆ ಐದರಿಂದ ಐದೂಕಾಲರವರೆಗೆ ‘ಹೊರಗಿನ ಗಾಳಿ’. ನಮ್ಮೂರಿನಲ್ಲಿ ಕೆರೆಯ ಏರಿ ಬಿಟ್ಟರೆ ತಿಪ್ಪೆಯ ಪಕ್ಕ ನಿಂತರೆ ಮಾತ್ರ ಸಿಗ್ನಲ್ ಸಿಗುತ್ತದಾದ್ದರಿಂದ, ಮೂರನೇ ದಿನ ಅವಳು ಮೂಗು ಮುಚ್ಚಿಕೊಂಡು ಅಲ್ಲಿ ನಿಂತು ಟ್ಯಾಬನ್ನು ಆಕಾಶಕ್ಕೆ ಹಿಡಿದಿದ್ದಾಗ, ಪಕ್ಕದ ಗೂಟದಲ್ಲಿದ್ದ ತಾವು ಯಾವ ಪೂರ್ವಾನುಮತಿಯೂ ಇಲ್ಲದೆ ಕತ್ತು ಚಾಚಿ ಅವಳ ಮೊಣಕೈಯನ್ನು ನೆಕ್ಕಿದಿರಿ. ಅಂದು ಸಂಜೆ ಫೋನಿನಲ್ಲಿ ಅವಳು ನನಗೆ ಅಬಾಕಸ್ಸಿನ ವಿಷಯ ಹೇಳಲಿಲ್ಲ. “ಡ್ಯಾಡಿ, ಎಮ್ಮೆ ನಾಲಿಗೆ ಉಪ್ಪುಕಾಗದದ ಥರ ಇದೆ!” ಎಂದಳು. ಅನಾಹುತದ ಆರಂಭವನ್ನು ನಾನು ಆಗಲೇ ಗುರುತಿಸಬೇಕಿತ್ತು.

ಆಮೇಲೆ ದಿನಕ್ಕೊಂದು ವರದಿ ಬರತೊಡಗಿತು. ತಮ್ಮ ಬೆನ್ನ ಮೇಲೆ ಕೂರುವ ಕಾಜಾಣ ಹಕ್ಕಿಯು ಹುಳು ಹಿಡಿಯಲು ಹಾರಿ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆಂದೂ, ತಾವು ಗರಿಕೆ ತಿಂದು ಉತ್ತರಾಣಿ ಬಿಡುತ್ತೀರೆಂದೂ, ಆ ಉತ್ತರಾಣಿಯ ಮುಳ್ಳುಕಾಳುಗಳೆಲ್ಲ ಅವಳ ಲಂಗಕ್ಕೆ ಅಂಟಿಕೊಂಡವೆಂದೂ ತಿಳಿಯಿತು. ಎರಡನೇ ವಾರಕ್ಕೆ ‘ಡ್ಯಾಡಿ’ ಹೋಗಿ ‘ಅಪ್ಪೋ’ ಬಂತು. ಮೊಣಕಾಲಿಗೆ ಗಾಯವಾಯಿತು; ಗಾಯದ ಹಕ್ಕಳೆಯನ್ನು ಅವಳು ವಿಡಿಯೋ ಕರೆಯಲ್ಲಿ ಪದಕದಂತೆ ಎತ್ತಿ ತೋರಿಸಿದಳು. ರಾಗಿಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದವಳು ಒಂದೂವರೆ ಮುದ್ದೆ ನುಂಗಿ, ಉಂಡ ಜಾಗದಲ್ಲೇ ನಿದ್ದೆ ಹೋಗುತ್ತಿದ್ದಾಳೆಂದು ಅವ್ವ ಹೇಳಿದರು. ಇಷ್ಟು ವರ್ಷ ಕತೆ, ಹಾಡು, ಬೆದರಿಕೆ, ಕಾರ್ಟೂನು ಎಲ್ಲವನ್ನೂ ಬಳಸಿ ನಾವು ಗಂಡಹೆಂಡತಿ ಸಾಧಿಸಲಾಗದ್ದನ್ನು ತಾವು ಬರೀ ಬಾಲ ಬೀಸಿಕೊಂಡು ಸಾಧಿಸಿದ್ದು ನನ್ನ ಮನಸ್ಸಿಗೆ ಅತೀವ ನೋವುಂಟುಮಾಡಿತು.

ಇಲ್ಲಿ ನನ್ನ ನಿಜವಾದ ಸಂಕಟವನ್ನು ಹೇಳಿಕೊಳ್ಳಬೇಕು. ನನ್ನಪ್ಪ ತಮ್ಮಯ್ಯನವರು ಮೂವತ್ತು ವರ್ಷ ಊರಿನ ದೊಡ್ಡ ಮನೆಗಳ ಎಮ್ಮೆ ಕಾಯ್ದವರು. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಪರೀಕ್ಷೆಯ ದಿನವೇ ಅವರಿಗೆ ಜ್ವರ ಬಂತು, ಎಮ್ಮೆಗಳ ಹಿಂದೆ ನಾನು ಹೋದೆ, ಪರೀಕ್ಷೆ ತಪ್ಪಿತು. ಮಾರನೇ ದಿನ ಅಪ್ಪ ಜ್ವರದಲ್ಲೇ ಎದ್ದು ಕೂತು, “ಇನ್ಮ್ಯಾಕೆ ನೀನು ಎಮ್ಮೆ ಬಾಲ ಇಡೀಬ್ಯಾಡ ಕಣ್ಲಾ ಮಗ, ಪೆನ್ನು ಇಡಿ” ಎಂದರು. ನಾನು ಪೆನ್ನು ಹಿಡಿದೆ, ಇವತ್ತಿಗೂ ಬಿಟ್ಟಿಲ್ಲ. ಎಮ್ಮೆಯ ಸುದ್ದಿಯನ್ನು ಮಾತ್ರ ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ; ಮಗಳಿಗೂ ‘ತಾತ ಕೃಷಿಕರಾಗಿದ್ದರು’ ಎಂದು ಮರ್ಯಾದೆಯ ಮಾತು ಹೇಳಿಕೊಟ್ಟಿದ್ದೆ. ಅಪ್ಪ ಕೊನೆಗಾಲದಲ್ಲಿ ಮನೆಗೆ ತಂದ ಮೊದಲ ಸ್ವಂತ ಎಮ್ಮೆ ತಮ್ಮ ತಾಯಿ. ತಾವು ಹುಟ್ಟಿದ್ದು ಅವರ ಕೈಯಲ್ಲೇ. ಅದನ್ನು ನಾನು ಬಲ್ಲೆ. ಆದರೂ ಒಂದು ತಲೆಮಾರು ಕಷ್ಟಪಟ್ಟು ಹತ್ತಿದ ಮೆಟ್ಟಿಲನ್ನು ನನ್ನ ಮಗಳು ಕುಣಿದುಕೊಂಡು ಇಳಿಯುತ್ತಿರುವುದನ್ನು ಕೇಳಿ ನನಗೆ ಊಟ ಸೇರುತ್ತಿರಲಿಲ್ಲ.

ಹೀಗಾಗಿ ಮೇ ತಿಂಗಳ ಮೊದಲ ಭಾನುವಾರ, ಯಾರಿಗೂ ಹೇಳದೆ, ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಮಾಡಿದ ಶೂ ಸಮೇತ ಊರಿಗೆ ಬಂದೆ. ಅಂಗಳದಲ್ಲಿ ಅವ್ವ ಹುಣಸೆಹಣ್ಣು ಬಿಡಿಸುತ್ತಿದ್ದರು. ಮಗಳೆಲ್ಲಿ ಎಂದರೆ ತಲೆಯೆತ್ತದೆ, “ಎಮ್ಮೆ ಮೈ ತೊಳ್ಯಕ್ಕೆ ಕೆರೆತಾವ ಓಗವ್ಳೆ. ಒನ್ನಕ್ಕ ಅವ್ಳಲ್ಲ ಜತೇಲಿ, ಕುಂತ್ಕೊ, ಮಜ್ಜಿಗೆ ಕುಡಿ” ಎಂದರು. ನಾನು ಕೂರಲಿಲ್ಲ, ಓಡಿದೆ.

ಏರಿ ಹತ್ತಿ ನೋಡಿದರೆ, ನೆರೆಮನೆಯ ಹೊನ್ನಕ್ಕ ಸೋಪಾನದ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ. ಅವರಿಂದ ಎರಡು ಮಾರು ಆಚೆ ನೀರಿನಲ್ಲಿ ತಾವು ಮೂಗು, ಕಣ್ಣು, ಸೊಟ್ಟ ಕೊಂಬನ್ನಷ್ಟೇ ಹೊರಗಿಟ್ಟುಕೊಂಡು ಕಣ್ಣುಮುಚ್ಚಿ ಧ್ಯಾನಿಸುತ್ತಿದ್ದೀರಿ. ತಮ್ಮ ಬೆನ್ನ ಮೇಲೆ ನನ್ನ ಒಬ್ಬಳೇ ಮಗಳು ಕೂತು ತೆಂಗಿನ ನಾರಿನಿಂದ ತಮ್ಮ ಕುತ್ತಿಗೆ ಉಜ್ಜುತ್ತಿದ್ದಾಳೆ. ಬೇಸಿಗೆಯ ಕೆರೆ, ಅಲ್ಲಿ ನಿಂತರೆ ನೀರು ನನ್ನ ಸೊಂಟಕ್ಕೂ ಬಾರದು ಎಂಬುದು ಆ ಊರಿನಲ್ಲೇ ಹುಟ್ಟಿದ ನನಗೆ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. “ಯಶೂ!” ಎಂದು ಕಿರುಚಿ, ಸೋಪಾನ ಬಿಟ್ಟು ಹತ್ತಿರದ ದಾರಿಯೆಂದು ಜೊಂಡಿನ ಪಕ್ಕದಿಂದ ನೀರಿಗೆ ನುಗ್ಗಿದೆ. ನಾಲ್ಕನೇ ಹೆಜ್ಜೆಗೆ ಹೂಳು ನನ್ನನ್ನು ತೊಡೆಯವರೆಗೆ ಎಳೆದುಕೊಂಡಿತು. ಒಂದು ಕಾಲು ಎತ್ತಿದರೆ ಇನ್ನೊಂದು ಇಳಿಯುತ್ತದೆ.

“ಯಾರ್ಲಾ ಅದು, ಪ್ಯಾಂಟ್ ಆಕ್ಕಂಡು ಕೆರೆಗೆ ಬಿದ್ದೋನು?” ಎಂದು ಹೊನ್ನಕ್ಕ ಒಗೆಯುವ ಕಲ್ಲಿನಿಂದ ಕೇಳಿದರು.

ನನ್ನ ಮಗಳು ಕಿರುಚಲಿಲ್ಲ. ಬೆನ್ನ ಮೇಲೆ ನೆಟ್ಟಗೆ ಕೂತು, ನಾನು ಎಂದೂ ಕೇಳಿರದ ಗಟ್ಟಿ ದನಿಯಲ್ಲಿ, “ಅಪ್ಪೋ, ಅಲ್ಲಾಡ್ಬ್ಯಾಡ! ಅಲ್ಲಿ ಊಳೈತೆ. ಅಂಗೇ ನಿಂತ್ಕೊ, ಬತ್ತೀವಿ” ಎಂದಳು. ಆಮೇಲೆ ತಮ್ಮ ಕುತ್ತಿಗೆಗೆ ಎರಡು ಸಲ ತಟ್ಟಿದಳು. ತಾವು ಎದ್ದಿರಿ. ಯಾವ ಆತುರವನ್ನೂ ತೋರದೆ, ನಮ್ಮ ಕಚೇರಿಯ ಕಡತದಷ್ಟೇ ವೇಗದಲ್ಲಿ, ಗಟ್ಟಿನೆಲ ಹುಡುಕುತ್ತ ಸುತ್ತುಹಾಕಿ ನನ್ನ ಮುಂದೆ ಬಂದು, ಗೌರವಪೂರ್ವಕವಾಗಿ ತಿರುಗಿ, ಹಿಂಭಾಗವನ್ನು ನನ್ನ ಕಡೆಗೆ ಮಾಡಿ ನಿಂತಿರಿ.

“ಬಾಲ ಇಡ್ಕೊ ಅಪ್ಪಾ,” ಎಂದಳು ಮಗಳು.

ಮಾನ್ಯರೇ, ನಾನು ಹಿಡಿದೆ. ಎರಡೂ ಕೈಯಲ್ಲಿ ಹಿಡಿದೆ. ತಾವು ನಡೆದಿರಿ, ನಾನು ಬಂದೆ, ನನ್ನ ಬಲಗಾಲಿನ ಶೂ ಅಲ್ಲೇ ಉಳಿಯಿತು. ಸೋಪಾನ ಮುಟ್ಟಿದಾಗ ಹೊನ್ನಕ್ಕ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, “ಓ, ತಮ್ಮಯ್ಯಣ್ಣನ ಮಗ! ಕೂಸು ಬಲೇ ಗಟ್ಟಿಗಿತ್ತಿ ಕಣಪ್ಪಾ, ನಾನು ಕಣ್ಣು ಆಕ್ಕಂಡೇ ಇರ್ತೀನಿ, ಸೋಪಾನ ಬುಟ್ಟು ಅತ್ಲಾಗೆ ಓಗಕ್ಕೇ ಬುಡಾಕಿಲ್ಲ. ಓಗಿದ್ದು ನೀನೇಯ” ಎಂದರು.

ಕೆಸರು ಒಣಗುವ ಮೊದಲೇ ನಾನು ಅಂಗಳದಲ್ಲಿ ನಿಂತು ಆದೇಶ ಹೊರಡಿಸಿದೆ. ಮಗಳು ಇವತ್ತೇ ಹಾಸನಕ್ಕೆ ಹೊರಡಬೇಕು, ಎಮ್ಮೆಯನ್ನು ಮಾರಬೇಕು, ಅಪ್ಪ ಬಿಡಿಸಿದ ಬಾಲವನ್ನು ಮೊಮ್ಮಗಳ ಕೈಗೆ ಕೊಡಲು ನಿನಗೆ ಮನಸ್ಸಾದರೂ ಹೇಗೆ ಬಂತು ಎಂದು ಅವ್ವನನ್ನೇ ಗದರಿದೆ. ಅವ್ವ ಹುಣಸೆಹಣ್ಣಿನ ಮೊರ ಪಕ್ಕಕ್ಕಿಟ್ಟರು.

“ನಿಮ್ಮಪ್ಪ ಕಾಯ್ದಿದ್ದು ಊರೋರ ಎಮ್ಮೆ ಕಣ್ಲಾ. ಮಳೆ ಬಂದ್ರೂ ಓಗ್ಬೇಕು, ಮೈಗೆ ಉಸಾರಿಲ್ದಿದ್ರೂ ಓಗ್ಬೇಕು, ಒಲ್ಲೆ ಅನ್ನಂಗಿರ್ನಿಲ್ಲ. ಈ ಕೂಸು ಬ್ಯಾಸ್ರಾದ್ರೆ ಮನೇಗೆ ಬತ್ತದೆ, ಅಸಿವಾದ್ರೆ ಉಣ್ತದೆ, ಜೂನ್ ಬಂದ್ರೆ ಇಸ್ಕೂಲಿಗೆ ಓಯ್ತದೆ. ಅದು ದುಡಿಮೆ, ಇದು ಆಟ. ಎಲ್ಡೂ ಒಂದೇ ಅಂತೀಯಲ್ಲ, ಈಟು ಓದಿ ಏನ್ಲಾ ಕಲ್ತೆ?”

ನಾನು ಪ್ಯಾಂಟಿನ ಕೆಸರು ಒರೆಸತೊಡಗಿದೆ. ಅವ್ವ ತಣ್ಣಗಿನ ದನಿಯಲ್ಲಿ ಮುಂದುವರಿಸಿದರು: “ನಿಮ್ಮಪ್ಪ ಎಮ್ಮೆ ತಾವಿಂದ ನಿನ್ನ ಬಿಡಿಸ್ದ, ನಿಜ. ಆಕಾಸದ ಕೆಳ್ಗಿಂದ ಬಿಡಿಸ್ಲಿಲ್ಲ ಕಣಪ್ಪಾ. ಅದ ನೀನೇ ಬುಟ್ಟಿದ್ದು.”

ಯಶೋಧರಾ ಕಂಬ ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇನ್ನು ಮುಚ್ಚಿಡುವಂತಿರಲಿಲ್ಲ. ಅವಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು, ತಾತ ಬೇರೆಯವರ ಎಮ್ಮೆ ಕಾಯುತ್ತಿದ್ದರು, ನಾನೂ ಕಾಯ್ದಿದ್ದೇನೆ, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ ಎಂದು ತಲೆ ತಗ್ಗಿಸಿ ಹೇಳಿದೆ. ಅವಳು ಬಗ್ಗಿ ನನ್ನ ಮುಖ ನೋಡಿದಳು.

“ತಾತ ಎಷ್ಟು ಎಮ್ಮೆ ಕಾಯ್ತಿದ್ರು?”

“ಮೂವತ್ತೆರಡು.”

“ಎಲ್ಲಾದ್ರ ಹೆಸ್ರೂ ಗೊತ್ತಿತ್ತಾ?”

“ಗೊತ್ತಿತ್ತು. ಕತ್ತಲಲ್ಲಿ ಬೆನ್ನು ಮುಟ್ಟಿ ಹೇಳೋರು.”

“ಮೂವತ್ತೆರಡಾ!” ಎಂದು ಅವಳು ಬಾಯಿ ಬಿಟ್ಟಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, “ನಂಗೆ ಬರೀ ಒಂದು” ಎಂದಳು.

ನಲವತ್ತು ವರ್ಷ ನಾನು ಅವಮಾನವೆಂದು ಬಚ್ಚಿಟ್ಟದ್ದನ್ನು ಆ ಮಗು ಹೊಟ್ಟೆಕಿಚ್ಚು ಪಡುವಂಥ ಆಸ್ತಿ ಮಾಡಿತು. ಕಣ್ಣಿಗೆ ಏನೋ ಬಿದ್ದವನಂತೆ ನಾನು ಮುಖ ತೊಳೆಯಲು ಬಚ್ಚಲಿಗೆ ಹೋದೆ.

ಸೋಮವಾರ ‘ಸ್ವಂತ ಕೆಲಸ’ ಎಂದು ಬರೆದು ರಜೆ ಹಾಕಿದೆ. ಬೆಳಿಗ್ಗೆ ಅವ್ವನ ಹಳೆಯ ಹವಾಯಿ ಚಪ್ಪಲಿ ಮೆಟ್ಟಿ, ಅಪ್ಪನ ಪಟಾಪಟಿ ಚಡ್ಡಿ ತೊಟ್ಟು ತಮ್ಮ ಹಾಗೂ ಮಗಳ ಹಿಂದೆ ಹೊರಟೆ. ಸೋಪಾನದ ಬಳಿ ಮಗಳ ಕಣ್ಣೆದುರು ತಮ್ಮ ಬೆನ್ನು ಹತ್ತಲು ಹೋಗಿ ಮೊದಲ ಸಲ ಆಚೆ ಕಡೆಗೆ ಬಿದ್ದೆ. ಎರಡನೇ ಸಲ ಕೂತೆ. ದೇಹಕ್ಕೆ ಎಲ್ಲ ನೆನಪಿತ್ತು, ಮೊಣಕಾಲು ಎಲ್ಲಿ ಒತ್ತಬೇಕು, ಬೆನ್ನು ಎಲ್ಲಿ ಸಡಿಲಿಸಬೇಕು ಎಂಬುದೆಲ್ಲ. ಬೆಳ್ಳಕ್ಕಿಗಳ ಮಧ್ಯೆ ಸುಮ್ಮನೆ ಕೂತಿದ್ದೆ. ಫೋನು ಏರಿಯ ಮೇಲೆ ಹೊಡೆದುಕೊಳ್ಳುತ್ತಿತ್ತು. ತೆಗೆದುಕೊಡಲೇ ಎಂದು ಹೊನ್ನಕ್ಕ ಕೇಳಿದರು, ಬೇಡವೆಂದೆ.

ಮೇಲ್ಕಂಡ ಕಾರಣಗಳಿಂದ, ತಮ್ಮಿಂದಾದ ಹಾನಿಯನ್ನು ಈ ಕೆಳಗಿನಂತೆ ಸರಿಪಡಿಸಿಕೊಡಬೇಕೆಂದು ಕೋರುತ್ತೇನೆ. ಯಶೋಧರಾ ಜೂನ್‌ನಲ್ಲಿ ಶಾಲೆಗೆ ಮರಳಿದ್ದಾಳೆ, ಪಾಠವನ್ನೂ ಓದುತ್ತಿದ್ದಾಳೆ; ಆದರೆ ಕಿಟಕಿಯ ಪರದೆ ಸರಿಸಿಯೇ ಓದುತ್ತಾಳೆ. ಆದ್ದರಿಂದ ತಾವು ನಮ್ಮ ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದು, ಹೊರಗೆ ನೋಡಲು ಏನೂ ಇಲ್ಲವೆಂದು ಅವಳಿಗೆ ಮನವರಿಕೆ ಮಾಡಿಕೊಡಬೇಕು. ಶೋಭಿತಾ, ಹೋದ ತಿಂಗಳು ಒಮ್ಮೆ ತಮ್ಮ ಬೆನ್ನೇರಿದವಳು, ಈಗ ಪ್ರತಿ ವಾರವೂ ತನ್ನ ಸರದಿ ಮೊದಲೆಂದು ಜಗಳ ತೆಗೆಯುತ್ತಿರುವುದರಿಂದ, ತಮ್ಮ ಬೆನ್ನನ್ನು ಇನ್ನೆರಡು ಮೊಳ ಉದ್ದ ಮಾಡಿಕೊಳ್ಳಬೇಕು. ಕರುವಿಗೆ ಹೆಸರಿಡುವ ಅಧಿಕಾರ ಮಗಳಿಗೆ ಸೇರಿದ್ದೋ ಅವ್ವನಿಗೋ ಎಂಬುದನ್ನು ಬೇಗ ತೀರ್ಮಾನಿಸಬೇಕು. ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಮತ್ತು ಸಾಧ್ಯವಾದರೆ, ನನ್ನಪ್ಪ ಕತ್ತಲಲ್ಲಿ ಬೆನ್ನು ಮುಟ್ಟಿ ಕರೆಯುತ್ತಿದ್ದ ಆ ಮೂವತ್ತೆರಡು ಹೆಸರುಗಳನ್ನು ತಮ್ಮ ತಾಯಿಯಿಂದ ಕೇಳಿ ತಿಳಿದಿದ್ದರೆ ದಯವಿಟ್ಟು ತಿಳಿಸಬೇಕು. ನನಗೆ ಹತ್ತೊಂಬತ್ತು ಮಾತ್ರ ನೆನಪಾಗಿವೆ, ಮಗಳು ದಿನಾ ಕೇಳುತ್ತಾಳೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಮೂವರೂ ಬರುತ್ತಿದ್ದೇವೆ.

ತಮ್ಮ ಕೆಸರಿಗೆ ಋಣಿಯಾದ, ತಮ್ಮ ವಿಶ್ವಾಸಿ,
ಕೀರ್ತಿರಾಜ್, ಬಿನ್ ತಮ್ಮಯ್ಯ, ಎಮ್ಮೆ ಕಾಯುವವರು

ವಿ.ಸೂ.: ಈ ಪತ್ರವನ್ನು ಮಗಳು ತಮಗೆ ಓದಿ ಹೇಳುವಳು. ಓದಿ ಮುಗಿದ ಮೇಲೆ ತಾವಿದನ್ನು ತಿಂದುಬಿಟ್ಟರೂ ನನ್ನ ಆಕ್ಷೇಪಣೆಯಿಲ್ಲ. ಅರ್ಜಿಗಳನ್ನು ನುಂಗಿ ಮೆಲುಕು ಹಾಕುವವರು ನಮ್ಮ ಕಚೇರಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದಕ್ಕೆ ಪ್ರತಿಯಾಗಿ ಹಾಲು ಕೊಟ್ಟವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.