ಹುಳು ಮನೆಯಲ್ಲಿ ಲ್ಯಾಪ್‌ಟಾಪಿನ ಪರೀಕ್ಷೆ

ನ್ಯಾಯದ ಕುರ್ಚಿಯಲ್ಲಿ ಕೂತವನು ಹೆಂಡತಿ, ಭಾವಮೈದ ಎಂದೆಲ್ಲ ಮುಲಾಜು ನೋಡಬಾರದು ಎಂದು ನಾನು ಆವತ್ತೇ ತೀರ್ಮಾನಿಸಿಬಿಟ್ಟೆ. ಕುರ್ಚಿ ಪ್ಲಾಸ್ಟಿಕ್ಕಿನದು, ಅದರ ಒಂದು ಕಾಲು ಸೀಳಿಹೋಗಿತ್ತು ಎಂಬುದು ಬೇರೆ ಮಾತು. ಎದುರಿಗೆ ಊಟದ ಟೇಬಲ್ಲಿನ ಮೇಲೆ ಆರೋಪಿ ಮಲಗಿತ್ತು. ಅದೊಂದು ಪುಟ್ಟ ಲ್ಯಾಪ್‌ಟಾಪು. ಎಷ್ಟು ಪುಟ್ಟದೆಂದರೆ, ಮೇಲೆ ದಿನಪತ್ರಿಕೆ ಬಿದ್ದರೆ ಮನೆಯಲ್ಲಿ ಅಂಥದ್ದೊಂದು ಇದೆ ಎಂಬುದೇ ಮರೆತುಹೋಗುವಷ್ಟು. ಇದರ ಗುಣದೋಷಗಳನ್ನು ತೂಗಿ ನೋಡಿ, ನಿಷ್ಪಕ್ಷಪಾತವಾಗಿ ತೀರ್ಪು ಕೊಡುವ ಸಮರ್ಥ ಇಡೀ ಕೈಲಾಂಚ ಹೋಬಳಿಯಲ್ಲಿ ನನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ!

ತಂದಿಟ್ಟವನು ನನ್ನ ಹೆಂಡತಿಯ ತಮ್ಮ ಕೆಂಪರಾಜು. ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ.

"ಅಶ್ವಥ್ ಭಾವ, ಒಸಿ ದಿನ ಮಡಿಕ್ಕಂಡು ನೋಡಿ. ಚೆನ್ನಾಗೈತೆ ಅಂದ್ರೆ ಅಕ್ಕಂಗೆ ಕಳಿಸನ, ಇಲ್ಲಾಂದ್ರೆ ವಾಪಸ್ ತಕಂಡೋಯ್ತೀನಿ. ಪಾಪ, ಟೈಪ್ ಮಾಡಕ್ಕೇಂತ ಅಕ್ಕ ಅಷ್ಟು ದೂರದಿಂದ ಬರೋದು ತಪ್ತದೆ," ಎಂದ.

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಆ 'ತಪ್ತದೆ' ನನ್ನ ಎದೆಯೊಳಗೆ ಮುಳ್ಳಿನ ಹಾಗೆ ನಾಟಿತು.

ನನ್ನ ಹೆಂಡತಿ ಲತಾಮಣಿ ಸಿಂಧನೂರಿನ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಡಂ. ವರ್ಗಾವಣೆ ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಎಂದು ಕಾಯುತ್ತಲೇ ಇದ್ದೇವೆ. ನನ್ನ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ ಇಲ್ಲಿ. ಹುಳು ಮನೆಯಲ್ಲಿ ಹುಳು ಇರುವಷ್ಟು ದಿನ ನಾನು ಊರು ಬಿಡುವಂತಿಲ್ಲ. ಒಂದು ಬೆಳೆ ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಿರುತ್ತದೆ. ಹಾಗಾಗಿ ಬರುವವಳು ಅವಳೇ. ತಿಂಗಳಿಗೊಮ್ಮೆ, ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ, ಭಾನುವಾರ ಬೆಳಗ್ಗೆ ಇಳಿಯುತ್ತಾಳೆ. ಸಂಜೆ ಮತ್ತೆ ಬಸ್ಸು.

"ಕ್ವಶ್ಚನ್ ಪೇಪರ್ ಟೈಪ್ ಮಾಡೋದೈತೆ, ಬತ್ತೀನಿ ಕಣ್ರೀ," ಎಂದು ಫೋನ್ ಮಾಡುತ್ತಾಳೆ.

"ಬಾ ಬಾ, ಕಂಪ್ಯೂಟ್ರು ಖಾಲಿ ಐತೆ," ಎನ್ನುತ್ತೇನೆ ನಾನು.

ನಮ್ಮ ದಾಂಪತ್ಯದ ಪ್ರೇಮ ಸಂಭಾಷಣೆ ಇಷ್ಟೇ. ನಿಮ್ಮನ್ನು ನೋಡಬೇಕು ಎಂದು ಅವಳು ಹೇಳಿದ್ದಿಲ್ಲ, ನೀನಿಲ್ಲದೆ ಆಗುತ್ತಿಲ್ಲ ಎಂದು ನಾನು ಹೇಳಿದ್ದಿಲ್ಲ. ನಡುಮನೆಯ ಮೂಲೆಯಲ್ಲಿ ಕೂತಿರುವ ಆ ಹಳೆಯ ಕಂಪ್ಯೂಟರ್ ಒಂದೇ ಅವಳನ್ನು ಇಲ್ಲಿಗೆ ಎಳೆದು ತರುವ ಹಗ್ಗ. ಈ ಅಂಗೈಯಗಲದ ಲ್ಯಾಪ್‌ಟಾಪು ಆ ಹಗ್ಗವನ್ನು ಕತ್ತರಿಸಲು ಬಂದ ಕತ್ತರಿ. ಆದ್ದರಿಂದ ನಿಷ್ಪಕ್ಷಪಾತವಾದ ವಿಚಾರಣೆ ನಡೆಯಬೇಕು, ಅದರ ಕೊನೆಗೆ ಆರೋಪಿಗೆ ಶಿಕ್ಷೆಯಾಗಲೇಬೇಕು.

ಮೊದಲು ತೂಕ. ರಾಗಿ ಹಿಟ್ಟಿನ ಡಬ್ಬದ ಪಕ್ಕ ಇಟ್ಟು ಎರಡು ಕೈಯಲ್ಲೂ ಎತ್ತಿ ನೋಡಿದೆ. ಲ್ಯಾಪ್‌ಟಾಪೇ ಹಗುರ. ಹೊಟ್ಟೆ ಉರಿಯಿತು. ಕೀಲಿಮಣೆ ಚಿಕ್ಕದು, ಸೊಪ್ಪು ಕೊಯ್ದು ದಪ್ಪವಾದ ನನ್ನ ಬೆರಳು ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದವೂ ಎದ್ದು ಬರುತ್ತಿದ್ದವು. ಭೇಷ್, ದೋಷ ಸಿಕ್ಕಿತು ಎಂದು ಹಿಗ್ಗಿದೆ. ಆಮೇಲೆ ಹೆಂಡತಿಯ ಬೆರಳುಗಳು ನೆನಪಾದವು. ಅವು ಈ ಕೀಲಿಮಣೆಗೇ ಅಳತೆ ಕೊಟ್ಟು ಮಾಡಿಸಿದಂತಿವೆ. ಆ ದೋಷವನ್ನು ಕೈಬಿಡಬೇಕಾಯಿತು.

ಕರೆಂಟು ಹೋಯಿತು. ಹಳೆಯ ಕಂಪ್ಯೂಟರ್ ಆಗಿದ್ದರೆ ಟೈಪ್ ಮಾಡಿದ್ದನ್ನೆಲ್ಲ ನುಂಗಿಕೊಂಡು ಮಲಗುತ್ತಿತ್ತು. ಇದು ಏನೂ ಆಗಿಲ್ಲವೆಂಬಂತೆ ಕತ್ತಲಲ್ಲಿ ಹಲ್ಲು ಕಿರಿಯುತ್ತಾ ಕೂತಿತ್ತು. ಇದರೊಳಗೆ ಫ್ಯಾನು ಇಲ್ಲವಂತೆ, ಸದ್ದೇ ಇಲ್ಲ. ಹಳೆಯದನ್ನು ಹಚ್ಚಿದರೆ ಗುರ್ರೆನ್ನುತ್ತಾ ಮನೆಯಲ್ಲಿ ಇನ್ನೊಬ್ಬರಿರುವಂತೆ ಅನ್ನಿಸುತ್ತದೆ. ಎಷ್ಟೋ ಸಂಜೆ ಕೆಲಸವಿಲ್ಲದಿದ್ದರೂ ಅದನ್ನು ಹಚ್ಚಿಟ್ಟುಕೊಂಡು ಉಂಡಿದ್ದೇನೆ. ಒಬ್ಬನಿಗೆ ಬೇಕಾದಷ್ಟೇ ಮುದ್ದೆ ತಿರುವುವುದು ನನಗೆ ಇವತ್ತಿಗೂ ಬಂದಿಲ್ಲ. ಎಷ್ಟು ಹಿಡಿದು ಹಿಟ್ಟು ಹಾಕಿದರೂ ಎರಡಾಗುತ್ತದೆ, ಒಂದನ್ನು ಹಸು ತಿನ್ನುತ್ತದೆ. ಇಂಥ ಮನೆಯಲ್ಲಿ ಸದ್ದು ಮಾಡದ ಯಂತ್ರ ಯಾರಿಗೆ ಬೇಕು?

ಲತಾಮಣಿ ಫೋನ್ ಮಾಡಿದಳು. "ಹೆಂಗೈತ್ರೀ ಅದು?"

"ತೂಕವೇ ಇಲ್ಲ ಕಣೆ."

"ಒಳ್ಳೇದಲ್ವಾ?"

"ಏನೊಳ್ಳೇದು? ಕೈಲಿ ಹಿಡ್ಕಂಡ್ರೆ ಹಿಡ್ಕಂಡಂಗೇ ಇರಕಿಲ್ಲ. ನಂಬಿಕೆ ಬರಕಿಲ್ಲ."

"ಬ್ಯಾಟ್ರಿ?"

"ಮುಗಿಯದೇ ಇಲ್ಲ. ಮೊಂಡುಬಿದ್ದದೆ."

"ಇಲ್ಲೀ ಬಿಸ್ಲು ತಡೀತದಾ ನೋಡಿ. ಆಮೇಲೆ ನೀವೇ ಹೇಳಿ, ಇಟ್ಕಳದಾ ಬೇಡ್ವಾ ಅಂತ. ನೀವು ಹೆಂಗೇಳಿದ್ರೆ ಹಂಗೆ."

ಬಿಸಿಲು! ಇದು ನನಗೆ ಹೊಳೆದಿರಲಿಲ್ಲ. ಸಿಂಧನೂರಿನ ಶೆಖೆ ಕೈಲಾಂಚದಲ್ಲಿ ಸಿಗುವುದು ಒಂದೇ ಕಡೆ, ಅದು ನನ್ನ ಹುಳು ಮನೆ. ಒಳಗೆ ಬಿಸಿಯೂ ಇದೆ, ತೇವವೂ ಇದೆ. ಒಂದು ಹಗಲು ಅಲ್ಲಿಟ್ಟರೆ ಇದರ ಸೊಕ್ಕು ಇಳಿಯುತ್ತದೆ.

ಹುಳು ಮನೆಗೆ ಹೊರಗಿನ ವಸ್ತು ಏನೇ ಹೋದರೂ ಸೋಂಕು ತೆಗೆದೇ ಹೋಗಬೇಕು. ನಮ್ಮ ಕೈಕಾಲಿಗೂ ಅದೇ ಕಾನೂನು. ಬ್ಲೀಚಿಂಗ್ ಪೌಡರಿನ ನೀರಲ್ಲಿ ಬಟ್ಟೆ ಅದ್ದಿ ಲ್ಯಾಪ್‌ಟಾಪಿನ ಮೈಯನ್ನೆಲ್ಲ ಶ್ರದ್ಧೆಯಿಂದ ಒರೆಸಿದೆ. ಅಷ್ಟಕ್ಕೇ ಸತ್ತರೆ ನಿಯಮದ ಪ್ರಕಾರ ಸತ್ತಿತು ಎನ್ನಬಹುದಿತ್ತು. ಸಾಯಲಿಲ್ಲ. ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಮಾಡಿ, ಚಾರ್ಜಿಗೆ ಹಾಕಿ, ಅರ್ಧ ತೆರೆದು, ಹುಳುಗಳು ಸೊಪ್ಪು ತಿನ್ನುತ್ತಿದ್ದ ಅಟ್ಟಣೆಯ ಅಂಚಿನಲ್ಲಿ ಇಟ್ಟೆ.

ಅಷ್ಟರಲ್ಲಿ ಕೆಲಸಕ್ಕೆ ಬಂದಿದ್ದ ಪಕ್ಕದ ಮನೆಯ ಬೈರಮ್ಮ ಆಚೆ ತುದಿಯಿಂದ ಕೂಗಿದರು. "ಲೋ ಅಶ್ವಥ, ಹುಳ ಹಣ್ಣಾಗ್ಬುಟ್ಟವೆ ಕಣಪ್ಪಾ. ಬಿರ್‍ರನೆ ಚಂದ್ರಿಕೆ ತತ್ತಾ."

ಹುಳು ಹಣ್ಣಾಗುವುದೆಂದರೆ ತಿನ್ನುವುದನ್ನು ಬಿಟ್ಟು, ಮೈ ಹೊಳಪಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಎತ್ತಿ ಆಡಿಸುವುದು. ಆಗ ಒಂದೊಂದನ್ನೇ ಆರಿಸಿ, ಬಿದಿರಿನ ಚಂದ್ರಿಕೆಯ ಸುರುಳಿ ಸಂದಿಗಳಿಗೆ ಬಿಡಬೇಕು. ತಡವಾದರೆ ಸಿಕ್ಕಸಿಕ್ಕಲ್ಲೇ ನೂಲು ಬಿಟ್ಟುಕೊಂಡು ಕೂರುತ್ತವೆ. ಸಂಜೆಯವರೆಗೆ ಊಟ ನೀರು ಯಾವುದರ ಪರಿವೆಯೂ ಇರಲಿಲ್ಲ. ಆರೋಪಿಯನ್ನು ಸಂಪೂರ್ಣವಾಗಿ ಮರೆತುಬಿಟ್ಟೆ.

ಮಾರನೆಯ ಬೆಳಗ್ಗೆ ಹುಳು ಮನೆಯ ಬಾಗಿಲು ತೆಗೆದಾಗ ಎಲ್ಲಿಂದಲೋ ಟ್ರಿಣ್ ಟ್ರಿಣ್ ಎಂದು ಕೇಳಿಸಿತು. ಅಟ್ಟಣೆಯ ಅಂಚಿಗೆ ಓಡಿದೆ. ಅಯ್ಯೋ ಶಿವನೇ! ಅರ್ಧ ತೆರೆದ ಲ್ಯಾಪ್‌ಟಾಪಿನಷ್ಟು ಒಳ್ಳೆಯ ಸಂದಿ ನಮ್ಮ ಚಂದ್ರಿಕೆಯಲ್ಲೂ ಇಲ್ಲವೆಂದು ಹುಳುಗಳು ತೀರ್ಮಾನಿಸಿದ್ದವು. ಪರದೆಯಿಂದ ಕೀಲಿಮಣೆಗೆ ನೂಲು ಕಟ್ಟಿ ಒಳಗೆಲ್ಲ ಗೂಡು ಎಬ್ಬಿಸುತ್ತಿದ್ದವು. ಗೂಡು ಕಟ್ಟುವ ಮುಂಚೆ ಹುಳು ಮೈಯಲ್ಲಿರುವ ನೀರನ್ನೆಲ್ಲ ಒಂದು ಸಲ ಹೊರಗೆ ಹಾಕುತ್ತದೆ. ಆ ಶುಭಕಾರ್ಯವೂ ಕೀಲಿಮಣೆಯ ಮೇಲೆಯೇ ಸಾಂಗವಾಗಿ ನೆರವೇರಿತ್ತು. ಮಡಚುವ ಮೂಲೆಯಲ್ಲಿ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತಿದ್ದವು. ಅಂಥ ಜೋಡಿ ಗೂಡನ್ನು ಮಾರ್ಕೆಟ್ಟಿನಲ್ಲಿ ಆರಿಸಿ ಪಕ್ಕಕ್ಕೆ ಎಸೆಯುತ್ತಾರೆ. ನನಗೆ ಮಾತ್ರ ಅವನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಇಷ್ಟಾದರೂ ಆ ಮೊಂಡು ಯಂತ್ರ ಬದುಕಿತ್ತು, ಕೆಂಪರಾಜು ಹಾಕಿಕೊಟ್ಟಿದ್ದ ವಿಡಿಯೋ ಕಾಲ್ ರಿಂಗಾಗುತ್ತಿತ್ತು. ನೂಲಿನ ಸಂದಿಯಲ್ಲಿ ಬೆರಳು ತೂರಿಸಿ ಪರದೆ ಮುಟ್ಟಿದೆ. ಬಿಳಿ ಬಲೆಯ ಹಿಂದೆ ಲತಾಮಣಿಯ ಮುಖ ಮೂಡಿತು.

"ಯಾಕ್ರೀ, ಎಲ್ಲ ಮಬ್ಬು ಮಬ್ಬಾಗಿ ಕಾಣ್ತದೆ? ಅದೇನದು, ಕ್ಯಾಮ್ರಾ ಮುಂದೆ ದಪ್ಪಗೆ ತಲೆ ಅಳ್ಳಾಡ್ತಿರೋದು?"

"ಹುಳ."

"ಲ್ಯಾಪ್‌ಟಾಪ್ ಒಳಗಾ?"

"ಗೂಡು ಕಟ್ತಾವೆ."

"ತೆಗೀರಿ ಮತ್ತೆ."

"ಈಗ ಅಳ್ಳಾಡ್ಸಿದ್ರೆ ಗೂಡು ಜಾಳಾಯ್ತದೆ ಕಣೆ. ಮುಚ್ಚಿದ್ರೆ ಹುಳ ಸಾಯ್ತವೆ."

ಅವಳು ಹಣೆ ಚಚ್ಚಿಕೊಂಡಳು. ಒಂದು ಹುಳು ಸರಿಯಾಗಿ ಅವಳ ಹಣೆಯ ಮೇಲೆಯೇ ನೂಲು ಎಳೆಯುತ್ತಾ ಹೋಯಿತು. ಎಷ್ಟೋ ದಿನದ ಮೇಲೆ ಅವಳ ಮುಖವನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದೆ.

"ಸರಿ, ಈಗ್ಲಾದ್ರೂ ಹೇಳಿ," ಎಂದಳು. "ಇಟ್ಕಳದಾ, ಬೇಡ್ವಾ?"

ಗೆಲುವು ನನ್ನ ಕೈಗೇ ಬಂದಿತ್ತು. ಕೀಲಿಮಣೆ ಕೆಟ್ಟಿದೆ, ತೇವ ತಡೆಯುವುದಿಲ್ಲ, ವಾಪಸ್ ಕಳಿಸೋಣ ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಆದರೆ ಅವಳ ಕಣ್ಣ ಕೆಳಗಿನ ಕಪ್ಪು ಕಲೆ ನೂಲಿನ ಬಲೆಯ ಸಂದಿಯಲ್ಲೂ ಕಾಣುತ್ತಿತ್ತು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬರುವುದು, ಮತ್ತೆ ಹಾಗೆಯೇ ಹೋಗುವುದು ಎಷ್ಟು ಕಷ್ಟ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

"ಒಳ್ಳೇ ಮಾಲು ಕಣೆ," ಎಂದೆ. "ಯಾವ ದೋಷವೂ ಇಲ್ಲ. ಇಷ್ಟೆಲ್ಲ ಮಾಡಿದ್ರೂ ಸಾಯ್ನಿಲ್ಲ. ಇದು ಹಾಳಾಗ್ಲಿ ಅಂತಾನೇ ಇಲ್ಲಿಗೆ ತಂದಿಟ್ಟೆ. ಕೆಂಪ್ರಾಜುನ್ನ ಕೇಳಿ ಇಂಥದ್ದೇ ಇನ್ನೊಂದು ತಕ್ಕೊ."

"ಹಾಳಾಗ್ಲಿ ಅಂತಾನಾ? ಯಾಕೆ?"

"ಅದು ಬಂದ್ರೆ ನೀ ಬರಕಿಲ್ವಲ್ಲ. ನೀ ಬರ್ದಿದ್ರೆ ಈ ಮನೇಲಿ ನಂಗೆ ಆಯ್ತಿಲ್ಲ."

ಹೇಳಿದ್ದೇ ತಡ, ನಾಚಿಕೆಯಾಗಿ ಹುಳುಗಳ ಕಡೆ ನೋಡುತ್ತಾ ನಿಂತೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಬೇಡ ಅಂತ ಒಂದು ಮಾತು ಹೇಳ್ತೀರೇನೋ ಅಂತ ನಾನೂ ಕಾಯ್ತಾ ಇವ್ನಿ. ನೀವು ನೋಡಿದ್ರೆ ಬ್ಯಾಟ್ರಿ, ತೂಕ ಅಂತ ಕೂತಿದ್ದೀರಿ," ಎಂದಳು. "ನಮ್ ಸ್ಕೂಲಲ್ಲಿ ಸಾಲಾಗಿ ಹೊಸ ಕಂಪ್ಯೂಟ್ರು ಇಟ್ಟವ್ರೆ. ಆ ಲ್ಯಾಬಿಗೆ ಇನ್‌ಚಾರ್ಜು ನಾನೇ ಕಣ್ರೀ. ನಿಮ್ಮ ಆ ಗುರುಗುಟ್ಟೋ ಡಬ್ಬದಲ್ಲಿ ಟೈಪ್ ಮಾಡಕ್ಕೇಂತ ಯಾರಾದ್ರೂ ರಾತ್ರಿಯೆಲ್ಲ ಬಸ್ಸಲ್ಲಿ ಕುಲುಕಾಡ್ಕಂಡು ಬತ್ತಾರಾ?"