ನೆಂಟನ ಲಕ್ಷಣ

ಮಾರಿಕಣಿವೆಗೆ ಕಟ್ಟೆ ಕಟ್ಟಿದ ಪುಣ್ಯಾತ್ಮರು ಹಿರಿಯೂರಲ್ಲಿ ನನ್ನ ಮನೆ ಐತೆ ಅನ್ನೋದನ್ನ ಯೋಚಿಸಲೇ ಇಲ್ಲ. ಕಟ್ಟೆ ನೋಡೋಕೆ ಹೊರಟ ನೆಂಟರೆಲ್ಲ ನಮ್ಮಲ್ಲೇ ಇಳೀತಾರೆ. ನೀರು ತುಂಬಿದ್ದು ಅಲ್ಲಿ, ತುಪ್ಪ ಬತ್ತಿದ್ದು ಇಲ್ಲಿ!

ಉಳಿದವರು ನೋಡಿ ಹೋದರು. ನನ್ನ ಹೆಂಡತಿ ಸರ್ವಮಂಗಳನ ತಮ್ಮ, ಬಾಗೂರಿನ ತಿಪ್ಪೇರುದ್ರಪ್ಪ, ಅಮಾವಾಸ್ಯೆ ಹೋಗಿ ಹುಣ್ಣಿಮೆ ಬಂದರೂ ನನ್ನ ಮಂಚ ಬಿಟ್ಟಿಲ್ಲ. (ನಾನು ಪಡಸಾಲೆ ಚಾಪೆ ಮೇಲೆ. ಸೊಂಟದ ಗತಿ ಶಿವನೇ ಬಲ್ಲ.) ಹೋಗಪ್ಪ ಅಂದ್ರೆ ಅವಳು ಸುಮ್ನಿರ್ತಾಳಾ? ಸ್ಕೂಲ್ ಮೇಷ್ಟ್ರಾದ ನಾನು ತರ್ಕಶಾಸ್ತ್ರದ ಮೊರೆಹೊಕ್ಕೆ. ಬಾಗೂರಿಗೆ ಹೋಗೋ ಕಾಟಲಿಂಗಪ್ಪನ ಗಾಡಿಗೂ ಗುಟ್ಟಾಗಿ ಹೇಳಿಟ್ಟೆ.

ಸ್ಕೂಲಿಗೆ ರಜೆ ಬಿಟ್ಟ ಮೊದಲ ದಿನ, ಮಧ್ಯಾಹ್ನ ಮೂವರೂ ಊಟಕ್ಕೆ ಕುಂತಾಗ ಶುರುಮಾಡಿದೆ. "ಲೇ ಮಂಗಳಾ, ಲಕ್ಷಣ ಅಂದ್ರೇನು ಗೊತ್ತಾ?"

"ಗೊತ್ತಿಲ್ಲ. ಸಾರು ಹಾಕ್ಲಾ?"

"ಒಂದು ಗುಂಪಿನೋರೆಲ್ಲರಲ್ಲೂ ಇರಬೇಕು, ಹೊರಗಿನೋರು ಯಾರಲ್ಲೂ ಇರಬಾರದು, ಅಂಥ ಗುರುತು. ಕೊಂಬಿರೋ ಪ್ರಾಣಿನೇ ಹಸು ಅಂದ್ರೆ ಎಮ್ಮೇನೂ ಒಳಗೆ ನುಗ್ತೈತೆ. ಅದು ಅತಿವ್ಯಾಪ್ತಿ ದೋಷ!"

"ನುಗ್ಗಿದ್ರೇನು? ಎಮ್ಮೇನೂ ಹಾಲು ಕೊಡ್ತೈತಲ್ಲ."

"ಈಗ ನೆಂಟನ ಲಕ್ಷಣ ಕೇಳು. ಹೊತ್ತಿಗೆ ಸರಿಯಾಗಿ ಊಟಕ್ಕೆ ಕುಂತ್ಕಂತಾನೆ. ಕಡ್ಡಿ ಎತ್ತಿ ಆಕಡೆ ಇಡಲ್ಲ. ಸಾರಿಗೆ ಉಪ್ಪು ಕಮ್ಮಿ ಅಂತಾನೆ. ಉಂಡು ಮಲಗ್ತಾನೆ. ಅಂಥೋನಿಗೆ ಬುತ್ತಿ ಕಟ್ಟಿ ಗಾಡಿ ಹತ್ತಿಸಬೇಕು!"

(ಬಾಮೈದ ಮುದ್ದೆ ನುಂಗ್ತಾ ತಲೆಯಾಡಿಸಿದ. ಪಾಪ, ಬೋನಿನ ಬಾಗಿಲು ಬಿದ್ದದ್ದು ಅವನಿಗೆ ತಿಳೀಲಿಲ್ಲ.)

"ಇದು ಎಲ್ರಿಗೂ ಒಂದೇನಾ?" ಅಂದಳು ಮಂಗಳ.

"ತರ್ಕಕ್ಕೆ ಅವರು ಇವರು ಅಂತ ಭೇದ ಇಲ್ಲ!"

"ಹಂಗಾದ್ರೆ ಬುತ್ತಿ ಕಟ್ತೀನಿ ಬಿಡ್ರಿ."

ಗೆದ್ದೆ! "ಸಾರಿಗೆ ಉಪ್ಪು ಕಮ್ಮಿ ಆಗೈತೆ ನೋಡು" ಅಂತ ಹೇಳಿ, ಕೈ ತೊಳೆದು ಚಾಪೆ ಮೇಲೆ ಅಡ್ಡಾದೆ.

ಎಚ್ಚರಾದಾಗ ಬಾಗಿಲಲ್ಲಿ ಗಾಡಿ ನಿಂತಿತ್ತು. ಹಿತ್ತಲಲ್ಲಿ ತಿಪ್ಪೇರುದ್ರಪ್ಪ ಸೌದೆ ಸೀಳ್ತಿದ್ದ. ಮಂಗಳ ಬುತ್ತಿ ತಂದು ನನ್ನ ಕೈಗಿಟ್ಟಳು.

"ನನಗ್ಯಾಕೆ?"

"ನೀವು ಸ್ಕೂಲಿಗೆ ಹೋದ್ಮೇಲೆ ದಿನಾ ನೀರು ಸೇದೋನು, ಸೌದೆ ಸೀಳೋನು ನನ್ನ ತಮ್ಮ. ನಿಮ್ಮ ಲಕ್ಷಣ ಅವನಿಗೆ ಹೊಂದಲ್ಲ ಕಣ್ರಿ. ಈ ಮನೇಲಿ ಹೊಂದೋದು ಒಬ್ರಿಗೇ."

"ಅಯ್ಯೋ, ಇದು ಅತಿವ್ಯಾಪ್ತಿ ಕಣೇ! ನಾನು ಮನೆ ಯಜಮಾನ!"

"ಎಮ್ಮೆ ನುಗ್ಗಿದ್ರೆ ಹಾಲಾದ್ರೂ ಕೊಡ್ತೈತೆ. ಹತ್ರಿ ಗಾಡಿ. ಹೆಂಗೂ ರಜೆ ಐತೆ, ನಮ್ಮವ್ವನ್ನ ಮಾತಾಡಿಸಿ ಬರ್ರಿ."

ಗಾಡಿ ಹೊರಡ್ತು. ಬಾಮೈದ ಕೊಡಲಿ ಮೂಲೆಗಿಟ್ಟು, ಬಾಗಿಲ ತನಕ ಬಂದು ಭಕ್ತಿಯಿಂದ ಕೈ ಮುಗಿದ.

"ಹೋಗಿ ಬರ್ರಿ ಬಾವ! ಬಿಡುವಾದಾಗ ಇನ್ನೊಂದ್ಸಲ ಬರ್ರಿ, ನಾಲ್ಕು ದಿನ ಇದ್ದು ಹೋಗೀರಂತೆ!"