ಸುಣ್ಣದ ಗೆರೆ ಮತ್ತು ನನ್ನ ಕಾಲು

ನಿಂತಲ್ಲಿ ನಿಲ್ಲುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಫೋನು ಕಿವಿಗೆ ಹಚ್ಚಿದರೆ ಸಾಕು, ಕಾಲು ತಾವೇ ಹೊರಡುತ್ತವೆ. ಒಮ್ಮೆ ಅಥಣಿಯ ಬೀಗರೊಡನೆ ಮಾತಾಡುತ್ತ ಪಕ್ಕದ ಮನೆಯ ಪಡಸಾಲೆ ಹೊಕ್ಕು, ಅವರು ಕೊಟ್ಟ ಚಹಾ ಕುಡಿದು, ಫೋನಿಟ್ಟ ಮೇಲೆಯೇ ಇದು ಯಾರ ಮನೆ ಎಂದು ನೋಡಿದ್ದೆ. ಇಂಥವನು ರಿಮೋಟಿನ ವಿಮಾನ ಹಾರಿಸುವ ಹುಚ್ಚು ಹಚ್ಚಿಕೊಳ್ಳಬಾರದಿತ್ತು. ಅದೂ ಸುಮ್ಮನೆ ಹಾರುವ ವಿಮಾನವಲ್ಲ. ಪಲ್ಟಿ ಹೊಡೆಯುವುದು, ಅಂಗಾತವಾಗಿ ಹಾರುವುದು, ಮೂಗು ಕೆಳಗೆ ಮಾಡಿ ಗಿರಗಿರ ಸುತ್ತುತ್ತ ಇಳಿಯುವುದು, ಎಲ್ಲ ಮಾಡುವಂಥದು.

ಇದಕ್ಕೆ ಜಾಗ ಬೇಕು. ತೆಲಸಂಗದ ಬಳಿ ನಮ್ಮದು ದ್ರಾಕ್ಷಿ ತೋಟ. ತಲೆಯ ಮೇಲೆಲ್ಲ ತಂತಿ. ಸತ್ತಿ ಊರಿನ ಕಡೆ ಹೋದರೆ ಬರೀ ಕಬ್ಬು. ಅದರೊಳಗೆ ಬಿದ್ದರೆ ಕಟಾವಿನವರೆಗೆ ವಿಮಾನ ಸಿಗುವುದಿಲ್ಲ. ಮೊದಲ ಸಲ ತೋಟದ ಅಂಚಿನಲ್ಲೇ ಹಾರಿಸಿದಾಗ, ದ್ರಾಕ್ಷಿ ಬುಟ್ಟಿ ಹೊತ್ತು ಬರುತ್ತಿದ್ದ ಹೆಣ್ಣುಮಕ್ಕಳ ನೆತ್ತಿಯ ಮೇಲೆಯೇ ಹಾಯ್ದು ಹೋಯಿತು. ಅವರು ಬುಟ್ಟಿ ಬಿಟ್ಟು ಓಡಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದರ ಮೂಗಿನಲ್ಲಿ ತಿರುಗುವ ಪಂಖಾ ಬೆರಳು ಕತ್ತರಿಸುವಂಥದು.

ಹೆಂಡತಿ ಶೋಭಾ ಅಂದೇ ತೀರ್ಪು ಕೊಟ್ಟಳು: "ಬಯಲಿಗೆ ಹೋಗ್ರಿ. ಗೆರಿ ಹಾಕ್ತೀನಿ. ಮಂದಿ ಗೆರಿ ಹಿಂದ, ವಿಮಾನ ಗೆರಿ ಮುಂದ. ಯಾರರ ಒಬ್ರು ದಾಟಿದ್ರ ಆತು, ಅದು ಅಟ್ಟಕ್ಕ. ಮತ್ತ ಇಳ್ಸಂಗಿಲ್ಲ."

ನನ್ನ ಹಾರ್ಮೋನಿಯಂ, ವ್ಯಾಯಾಮದ ಸೈಕಲ್ಲು ಎರಡೂ ಆ ಅಟ್ಟದಲ್ಲೇ ಇವೆ. ಅಲ್ಲಿಗೆ ಹೋದದ್ದು ಯಾವುದೂ ತಿರುಗಿ ಬಂದಿಲ್ಲ.

ಕುರಿ ಸಾಕುವ ಮಲ್ಲಪ್ಪ ತನ್ನ ಬೀಳು ಹೊಲ ಕೊಡಲು ಒಪ್ಪಿದ. ದ್ರಾಕ್ಷಿಯ ಔಷಧಿಗೆ ಕಲಸಲು ತಂದಿಟ್ಟ ಸುಣ್ಣದಲ್ಲಿ ಶೋಭಾ ಉದ್ದಕ್ಕೂ ಗೆರೆ ಎಳೆದಳು. ಮಂದಿ ಕೂಡಿತು. ನಾನು ಆರ್ಭಟಿಸಿದ್ದೇ ಆರ್ಭಟಿಸಿದ್ದು. "ಏ ತಮ್ಮಾ, ಹಿಂದ ಸರಿ! ಕಾಕಾ, ಗೆರಿ ಕಾಣಂಗಿಲ್ಲೇನ್ರಿ? ಮಲ್ಲಪ್ಪಾ, ನಿನ್ನ ಟಗರು ಹಿಡೀಲೇ!" ಮಂದಿ ಸರಿದು ನಿಂತರು. ಮಲ್ಲಪ್ಪ ಟಗರನ್ನು ಗೆರೆಯ ಹಿಂದೆ ಗೂಟಕ್ಕೆ ಕಟ್ಟಿದ.

ವಿಮಾನ ಏರಿತು. ಒಂದು ಪಲ್ಟಿ, ಇನ್ನೊಂದು ಪಲ್ಟಿ. ಹಿಂದಿನಿಂದ "ಅಬಬಬಬ!" ಕೇಳಿಸಿತು. ಉಬ್ಬಿಹೋಗಿ, ಅಂಗಾತ ಮಾಡಿ ದೂರ ಕಳಿಸಿದೆ. ಅದು ತಿರುಗಿ ನನ್ನತ್ತಲೇ ಬರತೊಡಗಿತು. ಎದುರಿಗೆ ಬರುವ ವಿಮಾನದ ಎಡ ನಮ್ಮ ಬಲ; ಅಂಗಾತವಾದರೆ ಅದೂ ತಿರುವುಮುರುವು. ಗಾಬರಿಯಲ್ಲಿ ನನಗೆ ಎರಡೂ ತಿಳಿಯದಾದವು. "ಹಿಂದ ಸರೀರಿ!" ಎಂದು ಚೀರಿದೆ.

ಮಲ್ಲಪ್ಪನ ಉತ್ತರ ಎಲ್ಲೋ ದೂರದಿಂದ ಬಂತು. "ನಾವು ಹಿಂದ ಅದೀವ್ರಿ ಸಾವ್ಕಾರ್ರ! ನೀವ ಎಲ್ಲಿಗಿ ಹೊಂಟೀರಿ?"

ಹೊರಳಿ ನೋಡುತ್ತೇನೆ, ಸುಣ್ಣದ ಗೆರೆ ಅಷ್ಟು ದೂರ! ಆಕಾಶ ನೋಡುತ್ತ ಬಯಲಿನ ನಟ್ಟನಡುವೆ ಬಂದು ನಿಂತಿದ್ದೇನೆ. ಬೋರಲು ಬಿದ್ದೆ. ವಿಮಾನ ಬೆನ್ನ ಮೇಲಿಂದ ಭರ್ರನೆ ಹಾಯ್ದು ಹುಲ್ಲಿನಲ್ಲಿ ಹೋಗಿ ಬಿತ್ತು. ಅದಕ್ಕೆ ಒಂದು ಗೀರೂ ಇಲ್ಲ.

ಶೋಭಾ ಓಡಿ ಬಂದಳು. ಮುಖ ಬಿಳಿಚಿತ್ತು. ಸೆರಗಿನಿಂದ ನನ್ನ ಮೂಗಿನ ಮಣ್ಣು ಒರೆಸಿದಳು. ಆಮೇಲೆ ಕೇಳಿದಳು:

"ಗೆರಿ ದಾಟಿದವ್ರು ಯಾರ್ರಿ?"

"ಟಗರೂ ದಾಟಲಿಲ್ಲ ನೋಡು," ಎಂದೆ, ಮಾತು ಮರೆಸಲು.

"ಅದನ್ನ ಕಟ್ಟಿ ಹಾಕಿದ್ರಲ್ರಿ," ಎಂದವಳು ಹಾಗೇ ಗೂಟದ ಕಡೆ ನೋಡಿದಳು.

ವಿಮಾನ ಅಟ್ಟ ಏರಲಿಲ್ಲ; ಈಗಲೂ ರವಿವಾರ ಹಾರುತ್ತದೆ. ಅದಕ್ಕೆ ಬಯಲೆಲ್ಲ ಬಿಟ್ಟುಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ನಾನು ಗೂಟದ ಬಳಿ ನಿಲ್ಲುತ್ತೇನೆ. ಆಚೆ ಬದಿಗೆ ಟಗರು. ಅದು ಸುಮ್ಮನೆ ಮಲಗಿ ಮೆಲುಕು ಹಾಕುತ್ತದೆ. ಹಗ್ಗ ಜಗ್ಗುವವನು ನಾನೊಬ್ಬನೇ.